ಕಾಯ್ದೆ ಪ್ರಕಾರ ಬಂದ ಮಿಕ್ಸರ್

ಯಾರಾದರೂ 'ಪುಕ್ಕಟೆ' ಎಂದರೆ ಸಾಕು, ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ, ಪಾಕೀಟು ಇದೆಯೋ ಇಲ್ಲವೋ ನೋಡಲು. ಗೋಕಾಕದ ವಕೀಲರೊಬ್ಬರ ಬಳಿ ಇಷ್ಟು ವರ್ಷ ಗುಮಾಸ್ತನಾಗಿದ್ದವನಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದಾದರೂ ಹೇಗೆ? ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನಿಸುತ್ತದೆ. ನಗದಿದ್ದರೆ ಹೆಚ್ಚು ಬೆರೆಸಿದ್ದಾನೆ ಎನಿಸುತ್ತದೆ. ಹೆಂಡತಿ ಮಹಾದೇವಿ ಬಹಳ ದಿನಗಳಿಂದ ಮಿಕ್ಸರ್ ಕೇಳುತ್ತಿದ್ದಳು. ನಾನು ಕೊಡಿಸಿರಲಿಲ್ಲ. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳಲ್ಲಿ ಏನೋ ಮಸಲತ್ತು ಇದೆ ಎಂದು ನನ್ನ ಗುಮಾನಿ.

ಅವಳ ತವರು ಹುಕ್ಕೇರಿ. ಅವಳ ತಮ್ಮ ಬಸು ಈಚೆಗೆ ಮೂಡಲಗಿಯಲ್ಲಿ ಪಾತ್ರೆ ಅಂಗಡಿ ಇಟ್ಟ. ಗಿರಾಕಿ ಬರಲೆಂದು ಲಕ್ಕಿ ಡ್ರಾ ಮಾಡುತ್ತೇನೆ, ಬಹುಮಾನಕ್ಕೆ ಮಿಕ್ಸರ್ ಎಂದು ನಾಗನೂರ, ಕೌಜಲಗಿಯಲ್ಲೆಲ್ಲ ಆಟೋದಲ್ಲಿ ಮೈಕು ಕಟ್ಟಿ ಸಾರಿಸಿಯೂ ಬಿಟ್ಟಿದ್ದ. ಕೇಳಿ ನಾನು ಹೌಹಾರಿದೆ.

"ಖರೀದಿ ಮಾಡಿದವ್ರಿಗೆ ಚೀಟಿ ಕೊಟ್ಟು, ಆ ಚೀಟಿ ಎತ್ತಿ ಇನಾಮ ಕೊಟ್ರ ಅದು ಲಾಟರಿ ಆಗತೈತಿ. ಖಾಸಗಿ ಲಾಟರಿ ನಡಸಿದ್ರ ಕೇಸ್ ಬೀಳತೈತಿ. ಅಂಗಡಿಗಿ ಗಿರಾಕಿ ಅಲ್ಲ, ಪೊಲೀಸ್ರು ಬರ್ತಾರ."

ಬಸುವಿನ ಮುಖ ಇಳಿದುಹೋಯಿತು. "ಸಾರಿಸಿ ಬಿಟ್ಟೇನಲ್ರಿ ಮಾಮಾ. ಈಗ ಇಲ್ಲ ಅಂದ್ರ ಅಂಗಡಿ ಹೆಸರ ಕೆಡತೈತಿ."

"ನಶೀಬ ಬ್ಯಾಡ, ಜಾಣತನ ಇಡು. ತಲಿ ಖರ್ಚು ಮಾಡಿ ಗೆದ್ರ ಅದು ಸ್ಪರ್ಧಾ."

ಉಪಾಯವನ್ನೂ ನಾನೇ ಹೂಡಿದೆ. ಅಂಗಡಿ ಮುಂದೆ ಒಂದು ಬೆಲ್ಲದ ಪೆಂಟೆ, ಅಂದರೆ ಇಡೀ ಅಚ್ಚು, ಇಡುವುದು. ಯಾರು ಬೇಕಾದರೂ ಎತ್ತಿ ನೋಡಿ ಹೆಸರು, ತೂಕ ಬರೆದು ಚೀಟಿ ಹಾಕಬಹುದು, ಖರೀದಿಯ ಕರಾರಿಲ್ಲ. ತೂಕ ಸರಿ ಬರೆದವರಿಗೆ ಮಿಕ್ಸರ್. ಬಸು ತಂದ ಪೆಂಟೆಯನ್ನು ಬಾಗಿಲು ಹಾಕಿಕೊಂಡು ನಾನೇ ತೂಗಿ, ತೂಕವನ್ನು ಲಕೋಟೆಗೆ ಹಾಕಿ ಅರಗು ಒತ್ತಿ ಒಳಜೇಬಿನಲ್ಲಿಟ್ಟುಕೊಂಡೆ. ಬಸು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದ. ತೂಕ ಕೇಳಲು ಬಂದ ಎಂದು ಅವನ ಮೇಲೂ ಒಂದು ಕಣ್ಣಿಟ್ಟೆ.

ಸ್ಪರ್ಧೆಯ ದಿನ ಜಾತ್ರೆಯಂತೆ ಜನ. ಮಹಾದೇವಿಯೂ ನನ್ನ ಜೊತೆ ಬಂದಿದ್ದಳು. ಪೆಂಟೆ ಎತ್ತಿದವರೆಲ್ಲ ನಗುತ್ತಿದ್ದರು. ಆ ನಗು ನನಗೆ ಸರಿಬರಲಿಲ್ಲ. ಲಕೋಟೆ ಒಡೆದು "ಹತ್ತು ಕಿಲೋ" ಎಂದು ಸಾರಿ ಚೀಟಿ ಬಿಚ್ಚತೊಡಗಿದೆ. ಹತ್ತು ಕಿಲೋ. ಹತ್ತು ಕಿಲೋ. ಯಾವುದನ್ನು ಬಿಚ್ಚಿದರೂ ಅದೇ.

"ಗುಟ್ಟು ಬೈಲಾಗೇತಿ!" ಎಂದು ಕೂಗಿ ಬಸುವನ್ನು ದುರುಗುಟ್ಟಿ ನೋಡಿದೆ.

"ಎಲ್ಲೀ ಗುಟ್ರಿ?" ಎಂದ ಮೇಲವಂಕಿಯ ರೈತನೊಬ್ಬ. "ಬೆಲ್ಲ ಸುರಿಯೂ ಬಕೀಟ ಹತ್ತ ಕಿಲೋದ್ದ ಇರತೈತಿ. ನಾವ ಮಾಡಿದ ಪೆಂಟಿ ನಮಗ ಗೊತ್ತಿರೂದಿಲ್ಲೇನ್ರಿ?"

"ನನಗೂ ಗೊತ್ತಿತ್ರಿ ಮಾಮಾ," ಎಂದ ಬಸು ಮೆಲ್ಲಗೆ. "ಕಾಯ್ದೇದಾಗ ಹಂಗ ಇರಬೇಕೇನೋ ಅಂತ ಸುಮ್ಮನಾದ್ನಿ."

ಮಿಕ್ಸರ್ ಒಂದು, ಗೆದ್ದವರು ಊರು ತುಂಬ. ಎಲ್ಲರೂ ಈಗಲೇ ತೀರ್ಮಾನ ಆಗಲಿ ಎಂದು ಗದ್ದಲ ಹಾಕಿದರು. ಚೀಟಿ ಎತ್ತುವುದೊಂದೇ ದಾರಿ. ಅಂದರೆ ನಾನು ಮುಂಬಾಗಿಲಿನಿಂದ ಓಡಿಸಿದ್ದ ಲಾಟರಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿತ್ತು. ಬೇರೆ ಯಾರ ಕೈಯ ಮೇಲೂ ನನಗೆ ಭರವಸೆ ಇರಲಿಲ್ಲ, ನಾನೇ ಎತ್ತಿದೆ. ಬಂದ ಹೆಸರು ಮಹಾದೇವಿ. ಇವಳು ಯಾವಾಗ ಚೀಟಿ ಹಾಕಿದಳೋ ದೇವರೇ ಬಲ್ಲ.

"ಅಬಬಬ! ಕಾಯ್ದೇನೂ ಇವರ ಮನ್ಯಾಂದು, ಮಿಕ್ಸರೂ ಇವರ ಮನ್ಯಾಂದು!" ಎಂದು ಯಾರೋ ಕೂಗಿದರು. ಬಸುವಿನ ಮುಖದಲ್ಲಿ ರಕ್ತವಿರಲಿಲ್ಲ. ಚೀಟಿ ಮರಳಿ ಹಾಕೋಣವೆಂದರೆ ಮಹಾದೇವಿ ಆಗಲೇ ಮಿಕ್ಸರಿನ ಡಬ್ಬಿ ತಬ್ಬಿಕೊಂಡಿದ್ದಳು. "ತೂಕ ಬರದಾಕಿ ನಾ. ಯಾಕ ಬಿಡಲಿ?" ನನಗೆ ಬೇರೆ ತೋಚಲಿಲ್ಲ, ಪೆಂಟೆಯನ್ನೇ ಒಡೆದು ಎಲ್ಲರ ಕೈಗೂ ಒಂದೊಂದು ತುಂಡು ಬೆಲ್ಲ ಕೊಟ್ಟೆ. ಬಾಯಿ ಸಿಹಿಯಾದ ಮೇಲೆ ಗದ್ದಲ ಇಳಿಯಿತು. ಹೋಗುವಾಗ ಒಂದಿಬ್ಬರು ತಟ್ಟೆಯನ್ನೂ ಕೊಂಡರು. ಬಸು ಉಸಿರಾಡಿದ.

ಗೋಕಾಕದ ಬಸ್ಸಿನಲ್ಲಿ ಮಹಾದೇವಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಬಾಗಿದಳು. "ಖರೆ ಹೇಳ್ರಿ, ಎತ್ತೂಕಿಂತ ಮೊದಲ ನನ್ನ ಚೀಟಿ ಬೆರಳ ಸಂದ್ಯಾಗ ಹಿಡಕೊಂಡಿದ್ರಿ ಹೌದಲ್ರಿ? ನನ್ನ ಸಲುವಾಗಿ ಇಷ್ಟ ಧೈರ್ಯ ಮಾಡ್ತೀರಿ ಅಂತ ಗೊತ್ತಿರಲಿಲ್ಲ."

ಆಣೆ ಮಾಡಿ ಹೇಳುತ್ತೇನೆ, ನಾನು ಹಾಗೇನೂ ಮಾಡಿರಲಿಲ್ಲ. ಆದರೆ ಮದುವೆಯಾದಾಗಿನಿಂದ ಅವಳು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದೇ ಇಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿದೆ.

"ಯಾರ ಮುಂದೂ ಹೇಳಬ್ಯಾಡ," ಎಂದೆ.