ಒಂದೂವರೆ ಇಂಚು ಕುಗ್ಗಿದ ಫೋಮ್ ಶೀಟುಗಳ ವಿಷಯ

ಇತರರ ಪರವಾಗಿ ಪತ್ರ ಬರೆದೇ ಆಯಸ್ಸು ಸವೆಸಿದವರಿಗೆ ತಮ್ಮ ಪರವಾಗಿ ನಾಲ್ಕು ಮಾತು ಬರೆಯುವುದು ಎಷ್ಟು ಕಷ್ಟವೆಂಬುದನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಚಾಮರಾಜಪೇಟೆಯ ಮಹಡಿಯೊಂದರ ಮೇಲಿನ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಟೈಪ್‌ರೈಟರಿನ ಮುಂದೆ ಕುಳಿತಿದ್ದೇನೆ. ಒಕ್ಕಣೆ ನನ್ನದು, ರುಜು ಯಜಮಾನರದು. ನನ್ನ ಹೆಸರಿನಲ್ಲಿ ಹೊರಡುತ್ತಿರುವ ಮೊದಲ ಬರಹ ಇದಾದ್ದರಿಂದ, ಅಲ್ಲಲ್ಲಿ ಕಚೇರಿಯ ಧಾಟಿ ನುಸುಳಿದರೆ ದಯವಿಟ್ಟು ಮನ್ನಿಸಬೇಕು. ಈ ಕಾಯಿಲೆ ಮನೆಯನ್ನೂ ಬಿಟ್ಟಿಲ್ಲ. ಒಮ್ಮೆ ಅವಸರದಲ್ಲಿ ಹೊರಡುವಾಗ, "ಸಾರಿಗೆ ಉಪ್ಪು ಹಾಕದಿರುವುದು ಗಮನಕ್ಕೆ ಬಂದಿದ್ದು, ಊಟಕ್ಕೆ ಮುನ್ನ ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು" ಎಂದು ಯಜಮಾನರಿಗೆ, ಅಂದರೆ ಮನೆಯ ಯಜಮಾನರಿಗೆ, ಚೀಟಿ ಬರೆದಿಟ್ಟಿದ್ದೆ. ಸಂಜೆ ಅವರು, "ಏನೇ, ಉಪ್ಪು ಹಾಕ್ಕೊಂಡೆ. ಅದಕ್ಕೆ ವರದಿ ಬೇರೆ ಕೊಡ್ಬೇಕಾ?" ಎಂದು ಕೇಳಿದರು.

ನಮ್ಮದು ಫೋಮ್ ಶೀಟು ತಯಾರಿಸುವ ಸಂಸ್ಥೆ. ಗಾಜಿನ ಸಾಮಾನಿಗೆ ಸುತ್ತುವ, ಪೆಟ್ಟಿಗೆಯೊಳಗೆ ಹಾಸುವ ಆ ಬಿಳಿಯ, ಮೆತ್ತನೆಯ, ತೂಕವೇ ಇಲ್ಲದ ವಸ್ತು. ಕಾರ್ಖಾನೆ ಇರುವುದು ಮೈಸೂರು ರಸ್ತೆಯ ಆಚೆ. ಅದರ ಬಗ್ಗೆ ಸಾವಿರಾರು ಪತ್ರಗಳನ್ನು ಬರೆದಿದ್ದರೂ, ಈ ಪ್ರಸಂಗದವರೆಗೆ ಅಲ್ಲಿಗೆ ಒಂದು ಸಲವೂ ಹೋದವಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ 'ಬ್ಲೋಯಿಂಗ್ ಏಜೆಂಟ್' ಕುರಿತ ಪತ್ರಗಳನ್ನೆಲ್ಲ ಮಾರಾಟದ ಏಜೆಂಟರ ಕಡತದಲ್ಲಿ ಸೇರಿಸಿದ್ದೆ. ಅದು ಮನುಷ್ಯನಲ್ಲ, ಪ್ಲಾಸ್ಟಿಕ್ಕನ್ನು ಉಬ್ಬಿಸುವ ಗ್ಯಾಸು ಎಂದು ಯಾರೋ ತಿದ್ದಿದರು. ತಿದ್ದಿಕೊಂಡೆನೇ ಹೊರತು, ಹೇಗೆ ಉಬ್ಬಿಸುತ್ತದೆ ಎಂದು ಕೇಳಲಿಲ್ಲ. ಕೇಳುವುದು ನನ್ನ ವಿಭಾಗಕ್ಕೆ ಸೇರಿದ್ದಲ್ಲವೆಂದು ತಿಳಿದಿದ್ದೆ.

ಮದುವೆಯ ಕಾಲ ಬಂದರೆ ಸುಲ್ತಾನ್‌ಪೇಟೆಯ ವ್ಯಾಪಾರಿಯೊಬ್ಬರು ಬೆಳ್ಳಿ ದೀಪಗಳ ಉಡುಗೊರೆ ಪೆಟ್ಟಿಗೆ ಮಾಡಲು ನಮ್ಮಿಂದ ಶೀಟು ತರಿಸುತ್ತಾರೆ. ಈ ವರ್ಷ ಅವರಿಂದ ದೂರು ಬಂತು: ಪ್ರತಿ ಶೀಟೂ ಒಂದೂವರೆ ಇಂಚು ಕಡಿಮೆ. ಶೀಟುಗಳನ್ನು ವಾಪಸು ತರಿಸಿ, ಎರಡು ವಾರದ ಮೇಲೆ ಕಾರ್ಖಾನೆಯಲ್ಲಿ ಅಳೆದರೆ ಅಳತೆ ಸರಿಯಾಗಿತ್ತು! ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಕಚೇರಿಯ ಯಜಮಾನರು ಮೇಜು ಗುದ್ದಿದರು. "ಆ ರುದ್ರಪ್ಪಂದೇ ಕೆಲಸ ಕಣ್ರೀ ಶಾರದಮ್ಮ. ಗಿರಾಕಿಗೆ ಗಿಡ್ಡ ಶೀಟು ಕಳಿಸ್ತಾನೆ, ನಮಗೆ ಬೇರೆ ಶೀಟು ತೋರಿಸ್ತಾನೆ. ನೋಟಿಸ್ ಕೊಡಿ. ಸರಿಯಾದ ಉತ್ತರ ಬರ್ಲಿಲ್ವೋ, ಮನೆಗೆ ಹೋಗ್ಲಿ."

ರುದ್ರಪ್ಪನವರು ಮೆಷಿನ್ ನಡೆಸುವವರು. ನನಗಿಂತ ಮೊದಲೇ ಸೇರಿದವರು, ಮೂರು ಮಕ್ಕಳ ತಂದೆ. ಅವರ ಹೆಸರಿಗೆ ನಾನು ಸಿದ್ಧಪಡಿಸಿದ ಕಾರಣ ಕೇಳುವ ನೋಟಿಸು, ನಾಚಿಕೆ ಬಿಟ್ಟು ಹೇಳುವುದಾದರೆ, ಬಹಳ ಚೆನ್ನಾಗಿತ್ತು. ಹನ್ನೊಂದು ಸಾಲಿನ ಒಂದೇ ವಾಕ್ಯ. ಎಲ್ಲಿಯೂ ಉಸಿರು ಬಿಡಲು ಜಾಗವಿರಲಿಲ್ಲ.

ಎರಡು ದಿನದ ನಂತರ ಅವರೇ ಆ ನೋಟಿಸು ಹಿಡಿದು ಮಹಡಿ ಹತ್ತಿ ಬಂದರು. "ಮೇಡಂ, ಮನೇಲಿ ಎಲ್ರೂ ಕೂತು ಓದಿದ್ವಿ. ನನ್ನ ಮಗಳು ಪಿಯುಸಿ, ಅವಳಿಗೂ ಅರ್ಥ ಆಗ್ಲಿಲ್ಲ. ನಂದೇನು ತಪ್ಪು ಅಂತ ಇದ್ರಲ್ಲಿ ಎಲ್ಲಿದೆ, ಸ್ವಲ್ಪ ತೋರ್ಸಿ." ತೋರಿಸಿದೆ. ಅವರು ನೋಟಿಸನ್ನು ಮಡಿಚಿ ನನ್ನ ಮೇಜಿನ ಮೇಲಿಟ್ಟು, "ಇಂಥ ಕನ್ನಡ ನನ್ ಕೈಲಿ ಆಗಲ್ಲ. ಉತ್ತರಾನೂ ನೀವೇ ಬರ್ಕೊಡಿ" ಎಂದರು. ನಮ್ಮಲ್ಲಿ ಇದು ಹೊಸದಲ್ಲ. ರಜೆಯ ಅರ್ಜಿಯೂ ನನ್ನದೇ, ರಜೆ ನಿರಾಕರಿಸುವ ಪತ್ರವೂ ನನ್ನದೇ. ಆದರೆ ಒಬ್ಬರ ಅನ್ನದ ವಿಷಯವಾದ್ದರಿಂದ ಈ ಸಲ ಕಣ್ಣಾರೆ ನೋಡದೆ ಬರೆಯಲು ಧೈರ್ಯವಾಗಲಿಲ್ಲ. ಮರುದಿನ ಎರಡು ಬಸ್ಸು ಬದಲಿಸಿ, ಸುಸ್ತಾಗಿ, ಕಾರ್ಖಾನೆಗೆ ಹೋದೆ.

ರುದ್ರಪ್ಪನವರು ಮೆಷಿನ್ ಪಕ್ಕ ನಿಂತು ವಿವರಿಸಿದರು. "ಈ ಕಡೆ ಪ್ಲಾಸ್ಟಿಕ್ ಕಾಳು ಹಾಕ್ತೀವಿ, ಒಳಗೆ ಕರಗಿ ಪಾಕ ಆಗುತ್ತೆ. ಗುಳ್ಳೆ ಹುಟ್ಟೋಕೆ ಒಂಚೂರು ಪೌಡರ್. ಆಮೇಲೆ ಬ್ಯೂಟೇನ್ ಗ್ಯಾಸು. ಒಳಗೆ ಒತ್ತಡ ಇರೋವರೆಗೂ ಅದು ಪಾಕದಲ್ಲಿ ಬೆರೆತು ತೆಪ್ಪಗಿರುತ್ತೆ. ಈ ಬಾಯಿಂದ ಹೊರಗೆ ಬಂತೋ, ಒತ್ತಡ ಹೋಯ್ತು ನೋಡಿ, ಬುಸ್ ಅಂತ ಉಬ್ಬುತ್ತೆ. ಉಬ್ಬಿದ ಹಾಗೇ ತಣ್ಣಗಾಗಿ ನಿಂತ್ಕೊಳುತ್ತೆ." ನೋಡಿದೆ. ಬೆರಳಷ್ಟು ತೆಳ್ಳಗಿನ ಬಾಯಿಂದ ಹೊರಬಂದ ಕೂಡಲೇ ಅದು ಹತ್ತಿಯಂತೆ ಊದಿಕೊಳ್ಳುತ್ತಿತ್ತು.

"ಹಾಗಾದರೆ ಕುಗ್ಗುವುದು ಯಾಕೆ?" ಎಂದೆ.

"ಗುಳ್ಳೆಯೊಳಗಿನ ಗ್ಯಾಸು ಬೇಗ ಹೊರಗೆ ಹೋಗುತ್ತೆ, ಹೊರಗಿನ ಗಾಳಿ ನಿಧಾನಕ್ಕೆ ಒಳಗೆ ಬರುತ್ತೆ. ಹಳಬರು ಮನೆ ಖಾಲಿ ಮಾಡಿದ್ರು, ಹೊಸಬರು ಇನ್ನೂ ಬಂದಿಲ್ಲ, ಅಷ್ಟೇ. ಆ ನಡುವೆ ಕುಗ್ಗುತ್ತೆ. ಒಂದೆರಡು ವಾರ ಇಲ್ಲೇ ಗಾಳಿಗೆ ಬಿಟ್ರೆ ಮತ್ತೆ ಸರಿಹೋಗುತ್ತೆ. ಸುಲ್ತಾನ್‌ಪೇಟೆಯವರು ಮೂರನೇ ದಿನ ಅಳೆದಿದಾರೆ, ನಾವು ಹದಿನೈದನೇ ದಿನ."

"ಮತ್ತೆ ನೀವು ತಯಾರಾದ ದಿನವೇ ಕಳುಹಿಸಿದ್ದೇಕೆ, ರುದ್ರಪ್ಪನವರೇ?"

ಅವರು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಟಿಗಳ ಕಂತೆಯನ್ನು ತೆಗೆದು ಕೊಟ್ಟರು. 'ಯಾವುದೇ ವಿಳಂಬಕ್ಕೆ ಆಸ್ಪದವಿಲ್ಲದಂತೆ ಇಂದೇ ರವಾನಿಸತಕ್ಕದ್ದು.' ಮೂರು ಚೀಟಿ, ಮೂರರಲ್ಲೂ ನನ್ನ ಅಕ್ಷರ. ಯಜಮಾನರು ಹೇಳಿದ್ದು 'ಶೀಟು ಕಳಿಸಿ' ಎಂದಷ್ಟೇ. 'ಇಂದೇ' ಎಂಬುದು ವಾಕ್ಯದ ಗಾಂಭೀರ್ಯಕ್ಕಾಗಿ ನಾನು ಸೇರಿಸಿದ ಆಭರಣ.

"ಬಂದು ಹೇಳಬಾರದಿತ್ತೇ?"

"ಬಂದಿದ್ದೆ ಮೇಡಂ, ಎರಡು ಸಲ. ಏನಿದ್ರೂ ಬರವಣಿಗೆಯಲ್ಲಿ ಕೊಡಿ ಅಂದ್ರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಲ್ಲಿಯೇ ಒಂದು ಡ್ರಮ್ಮಿನ ಮೇಲೆ ಕಾಗದವಿಟ್ಟು ಅವರ ಉತ್ತರ ಬರೆದೆ. ಗ್ಯಾಸು, ಗಾಳಿ, ಎರಡು ವಾರ, ಎಲ್ಲವೂ ಸರಾಗವಾಗಿ ಬಂತು. ಕೊನೆಗೆ, 'ಸದರಿ ಶೀಟುಗಳು ಅವಧಿಗೆ ಮುನ್ನವೇ ರವಾನಿಸಲ್ಪಟ್ಟಿರುತ್ತವೆ' ಎಂದು ಬರೆದು ಓದಿ ಹೇಳಿದೆ. ರುದ್ರಪ್ಪನವರು ತಲೆ ಕೆರೆದುಕೊಂಡರು. "ಎಲ್ಲಾ ಸರಿ ಮೇಡಂ. ಆದ್ರೆ ಯಾರು ಹೇಳಿದ್ದಕ್ಕೆ ಕಳಿಸಿದ್ದು ಅಂತ ಬರ್ಲಿಲ್ವಲ್ಲ. ಓದಿದ್ರೆ ಶೀಟುಗಳೇ ಎದ್ದು ಹೋದಂಗಿದೆ." ಹನ್ನೊಂದು ವರ್ಷ ನನ್ನನ್ನು ಕಾಪಾಡಿದ ವ್ಯಾಕರಣ ಅಲ್ಲಿಗೆ ಮುಗಿಯಿತು. ಆ ಸಾಲನ್ನು ಹೊಡೆದು, 'ಕಚೇರಿಯ ಶಾರದಮ್ಮನವರ ಚೀಟಿಯಂತೆ ಅದೇ ದಿನ ಕಳಿಸಿದೆ' ಎಂದು ಬರೆದೆ. ಮೂರು ಚೀಟಿಗಳನ್ನೂ ಲಗತ್ತಿಸಿದೆ.

ಯಜಮಾನರು ಓದಿ, ಬಹಳ ಹೊತ್ತು ಕನ್ನಡಕ ಒರೆಸಿದರು. "ರುದ್ರಪ್ಪಂಗೆ ಹೇಳ್ಬಿಡಿ, ಕೆಲಸ ಮುಂದುವರಿಸ್ಲಿ." ಆಮೇಲೆ, "ಆದ್ರೂ ಫೈಲ್ ಮುಗೀಬೇಕಲ್ಲ. ಅದೇ ನೋಟಿಸು ಇನ್ನೊಂದು ಟೈಪ್ ಮಾಡಿ. ಒಕ್ಕಣೆ ಚೆನ್ನಾಗಿದೆ, ಮುಟ್ಟಬೇಡಿ. ಹೆಸರು ಮಾತ್ರ ನಿಮ್ದು ಹಾಕ್ಕೊಳ್ಳಿ."

ಟೈಪ್ ಮಾಡಿ, ರುಜು ಹಾಕಿಸಿ, ನನಗೆ ನಾನೇ ಕೊಟ್ಟುಕೊಂಡು, ತಲುಪಿದ್ದಕ್ಕೆ ಸಹಿ ಮಾಡಿದೆ. ಉತ್ತರಕ್ಕೆ ಕುಳಿತಾಗ ಯಾಕೋ ಬಹಳ ಆಯಾಸವೆನಿಸಿತು. 'ಶೀಟು ಕಳಿಸಲು ಹೇಳಿದ್ದು ನಾನೇ. ಅದು ಕುಗ್ಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲು ಬಂದಾಗ ನಾನು ಕೇಳಲಿಲ್ಲ' ಎಂದಷ್ಟೇ ಬರೆದು ಮೇಜಿನ ಮೇಲಿಟ್ಟೆ. ಯಜಮಾನರು ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದರು. "ಏನ್ರೀ ಇದು, ಆಫೀಸ್ ಪತ್ರದ ಹಾಗೇ ಇಲ್ಲ. ಸರಿಯಾಗಿ ಬರ್ಕೊಂಡ್ ಬನ್ನಿ."

ಒಂದು ಪುಟದಷ್ಟು ಸರಿಯಾಗಿ ಬರೆದುಕೊಂಡು ಹೋದೆ. ಅವರು ಅರ್ಧಕ್ಕೇ ತಲೆಯಾಡಿಸಿ, "ಹಾಂ, ಇದು ಪತ್ರ" ಎಂದು ಕಡತಕ್ಕೆ ಸೇರಿಸಿದರು. ಮೊದಲನೆಯದನ್ನು ಹರಿದು ಹಾಕಿದೆ. ನಿಜ ಹೇಳಬೇಕೆಂದರೆ, ನನಗೂ ಎರಡನೆಯದೇ ಚೆನ್ನಾಗಿ ಕಂಡಿತ್ತು.