ಮೇಸ್ತ್ರಿಗಳ ಉಸಿರಿಗೆ ಕಸರತ್ತು

ತೋಟದ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ನಗೋ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಅವು ನಡೆಯುವಾಗ ಒಂದಕ್ಕೂ ನಗು ಬರೋದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಮಲ್ಲಂದೂರು ಕಡೆಯ ಒಂದು ಎಸ್ಟೇಟಿನಲ್ಲಿದ್ದೆ. ಅಲ್ಲಿ ಆಳುಗಳಿಂದ ಕೆಲಸ ಮಾಡಿಸುವ ಹಳೇ ಮೇಸ್ತ್ರಿಗಳೊಬ್ಬರಿಗೆ ಬೀಡಿ ಸೇದಿ ಸೇದಿ ದಮ್ಮು ಹಿಡಿದಿತ್ತು. ನಾಲ್ಕು ಹೆಜ್ಜೆ ಹತ್ತಿದರೆ ಕಾಫಿ ಗಿಡ ಹಿಡಿದು ನಿಲ್ಲೋರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಈ ಸುದ್ದಿಯನ್ನು ಧಣಿಗಳ ಕಿವಿಗೆ ಹಾಕಿದರು. ಧಣಿಗಳು ಹೇಳಿ ಕಳಿಸಿದರು: "ಹಣ್ಣು ಕುಯ್ಯೋಕೆ ಶುರು ಮಾಡೋದ್ರೊಳಗೆ ಕೆಳಗಿನ ಪಲ್ಪ್‌ಹೌಸಿಂದ ಗುಡ್ಡದ ಮೇಲಿನ ಬಂಗಲೆವರೆಗೆ ನಿಲ್ಲದೆ ಹತ್ತಿ ತೋರಿಸ್ಲಿ. ಆಗ್ದಿದ್ರೆ ಕೆಲಸ ಬಿಡ್ಲಿ." ಕೆಲಸ ಹೋದರೆ ಎಸ್ಟೇಟು ಕೊಟ್ಟ ಲೈನ್‌ಮನೆಯೂ ಹೋಯಿತು. ಗಂಡ ಹೆಂಡತಿಗೆ ಬೇರೆ ಸೂರಿರಲಿಲ್ಲ.

ವಾರಕ್ಕೊಮ್ಮೆ ಬರುವ ಡಾಕ್ಟರು ನನಗೆ ಹೇಳಿದರು: "ಕೆಟ್ಟ ಶ್ವಾಸಕೋಶ ರಿಪೇರಿ ಆಗಲ್ಲ ಸಿಸ್ಟರ್. ಉಸಿರೆಳೆಯೋ ಸ್ನಾಯುಗಳನ್ನ ಗಟ್ಟಿ ಮಾಡಬಹುದು. ದಿನಾ ಮಾಡಿಸಿ." ಕೈಯಲ್ಲಿದ್ದದ್ದು ಎರಡೇ ತಿಂಗಳು.

ಹೊಟ್ಟೆ ಮೇಲಿನ ಚೀಲ

ಅಂಗಾತ ಮಲಗಿ, ಹೊಟ್ಟೆ ಮೇಲೆ ಎರಡು ಕೆಜಿ ಮರಳಿನ ಚೀಲ ಇಟ್ಟುಕೊಂಡು, ಉಸಿರೆಳೆದು ಅದನ್ನು ಮೇಲೆತ್ತಬೇಕು. ಇದು ಮೊದಲ ಪಾಠ.

ಮೂರನೇ ದಿನ ರೈಟರು ಆಸ್ಪತ್ರೆಗೆ ನುಗ್ಗಿದರು. "ಸಿಸ್ಟರ್, ನಿಮ್ಮ ಪೇಷೆಂಟ್ ಕಳ್ಳ. ಪಾರ್ಚ್‌ಮೆಂಟ್ ಚೀಲ ಹೊಟ್ಟೆ ಮೇಲಿಟ್ಕೊಂಡು ರಾಜಾರೋಷವಾಗಿ ಮಲಗಿದಾನೆ."

ಪಾರ್ಚ್‌ಮೆಂಟ್ ಅಂದರೆ ಒಣಗಿಸಿದ ಕಾಫಿಬೀಜ; ಅದು ಒಂದು ಹಿಡಿ ಮನೆಯಲ್ಲಿ ಸಿಕ್ಕರೂ ಆವತ್ತೇ ಗೇಟಿನಾಚೆ. ಲೈನಿಗೆ ಓಡಿದೆ. ಎಸ್ಟೇಟ್ ಮುದ್ರೆಯ ಚೀಲವೇ ಹೌದು. ಮೇಸ್ತ್ರಿಗಳು ಏಳಲೂ ಇಲ್ಲ, ಚೀಲ ಮೇಲೆ ಕೆಳಗೆ ಆಡ್ತಾನೇ ಇತ್ತು. ನಾನೇ ಬಿಚ್ಚಿದೆ. ಒಳಗೆ ಹಳ್ಳದ ಮರಳು.

"ಹಾಗಾದ್ರೆ ಚೀಲ ಎಲ್ಲಿಂದ ಬಂತು?" ಅಂದರು ರೈಟರು.

"ನಿಮ್ಮನೆ ಅಮ್ಮಾವ್ರೇ ಕೊಟ್ರು ರೈಟರೇ," ಅಂದರು ಮೇಸ್ತ್ರಿಗಳು. "ನಮ್ಮ ಅಟ್ಟದ ಮೇಲೆ ಬೀಜ ತುಂಬಿದ್ದೇ ಇಪ್ಪತ್ತು ಇದಾವೆ, ಖಾಲಿದು ಒಂದು ತಗೊಂಡ್ಹೋಗಿ ಅಂದ್ರು."

ಎಣಿಸುವ ಕೆಲಸ

ಎರಡನೇ ಪಾಠ, ಸಣ್ಣ ತೂತಿನ ನಳಿಗೆಯಲ್ಲಿ ಉಸಿರು ಒಳಗೆಳೆಯೋದು. ಬೆಳಿಗ್ಗೆ ನಲವತ್ತು, ಸಂಜೆ ನಲವತ್ತು. ದಿನಾ ಕೇಳುತ್ತಿದ್ದೆ. "ನಲವತ್ತೂ ಆಯ್ತು ಸಿಸ್ಟ್ರಮ್ಮ," ಅನ್ನುತ್ತಿದ್ದರು. ಮೂರು ವಾರವಾದರೂ ದಮ್ಮು ಇದ್ದ ಹಾಗೇ ಇತ್ತು. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಮೇಸ್ತ್ರಿಗಳು ಸ್ಟೂಲ್ ಮೇಲೆ ಕೂತು "ಹದಿನೇಳು, ಹದಿನೆಂಟು" ಅಂತ ಎಣಿಸುತ್ತಿದ್ದಾರೆ. ಎದುರಿಗೆ ಹೆಂಡತಿ ಕೆನ್ನೆ ಒಳಗೆ ಹೋಗುವಂತೆ ನಳಿಗೆಯಲ್ಲಿ ಉಸಿರೆಳೆಯುತ್ತಿದ್ದಾಳೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ ಇದು, ಯಾರ ಕಾಯಿಲೆಗೆ ಯಾರ ಕಸರತ್ತು?"

"ಮೂವತ್ತು ವರ್ಷದ ಮೇಸ್ತ್ರಿಕೆ ಸಿಸ್ಟ್ರಮ್ಮ. ಕೆಲಸ ಹೇಳಿ, ಲೆಕ್ಕ ಇಟ್ಟೇ ಅಭ್ಯಾಸ."

ಹೆಂಡತಿ ನಳಿಗೆ ಒರೆಸಿ ಕೊಟ್ಟಳು. "ಬೈಬೇಡಿ ಸಿಸ್ಟ್ರೆ. ನಂಗಂತೂ ಭಾಳ ಒಳ್ಳೇದಾಗಿದೆ. ಸೌದೆ ಹೊರೆ ಹೊತ್ತು ಗುಡ್ಡ ಹತ್ತಿದ್ರೂ ಈಗ ಏದುಸಿರಿಲ್ಲ."

ಆಮೇಲೆ ದಿನಾ ಎರಡು ಹೊತ್ತು ನಾನೇ ಎದುರಿಗೆ ಕೂತು ಎಣಿಸಿದೆ.

ಬಂಗಲೆ ಹತ್ತಿದ್ದು

ಪರೀಕ್ಷೆಯ ದಿನ ಧಣಿಗಳು ತಾವೂ ಜೊತೆಗೆ ಹೊರಟರು. ಯಾವಾಗಲೂ ಜೀಪಿನಲ್ಲೇ ಓಡಾಡುವ ಭಾರೀ ಆಳು, ಕೈಯಲ್ಲಿ ಸಿಗರೇಟು ಬೇರೆ. "ಮಧ್ಯೆ ಎಲ್ಲಾದ್ರೂ ನಿಂತ್ರೆ ನಂಗೆ ಕಾಣ್ಬೇಕಲ್ಲ," ಅಂದರು. ಅವರ ಹಿಂದೆ ಪುಸ್ತಕ ಹಿಡಿದು ರೈಟರು, ಕೊನೆಗೆ ನಾನು. ಮೇಸ್ತ್ರಿಗಳ ಹೆಂಡತಿ ಸೆರಗು ಕಚ್ಚಿಕೊಂಡು ಕೆಳಗೇ ನಿಂತಳು.

ನಾನು ಕಲಿಸಿದ ಹಾಗೆ ಮೇಸ್ತ್ರಿಗಳು ತುಟಿ ಚೂಪು ಮಾಡಿ ಫೂ ಅಂತ ಉಸಿರು ಬಿಟ್ಟು, ಉಸಿರಿಗೊಂದು ಹೆಜ್ಜೆ ಇಟ್ಟರು. ಅರ್ಧ ದಾರಿಗೆ ಎದೆ ಸಿಳ್ಳೆ ಹಾಕತೊಡಗಿತು. ಕೊನೇ ತಿರುವಿನಲ್ಲಿ ಕಾಲು ತೊಡರಿತು. ನಿಂತೇಬಿಟ್ಟರು ಅಂದುಕೊಂಡು ನಾನು ಕಣ್ಣು ಮುಚ್ಚಿದೆ. ನಿಲ್ಲಲಿಲ್ಲ. ಬಂಗಲೆಯ ಜಗಲಿ ಮುಟ್ಟಿದರು.

ಧಣಿಗಳೂ ಮುಟ್ಟಿದರು, ಆದರೆ ಕಂಬ ತಬ್ಬಿಕೊಂಡು. ಮುಖ ಕೆಂಪಗಾಗಿ ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ.

ರೈಟರು ಪುಸ್ತಕ ಬಿಚ್ಚಿದರು. "ಏನಂತ ಬರೀಲಿ ಧಣಿ?"

ಧಣಿಗಳು ಕೈ ಬೀಸಿದರು. ಇರಲಿ ಅಂತಲೋ ತೊಲಗಲಿ ಅಂತಲೋ ನಮಗೆ ತಿಳಿಯಲಿಲ್ಲ. ಮತ್ತೆ ಜೋರಾಗಿ ಬೀಸಿದರು.

ಧಣಿ, ಮೇಸ್ತ್ರಿ ಇಬ್ಬರಲ್ಲಿ ಮಾತಾಡುವಷ್ಟು ಉಸಿರು ಉಳಿದಿದ್ದದ್ದು ಮೇಸ್ತ್ರಿಗಳಿಗೇ. ಹೊಟ್ಟೆ ತುಂಬ ಗಾಳಿ ಎಳೆದುಕೊಂಡು ನಿಧಾನವಾಗಿ ಹೇಳಿದರು: "ಕೆಲಸದಲ್ಲೇ ಇರ್ಲಿ ಅಂತಿದಾರೆ. ಬರ್ಕೊಳ್ಳಿ."

ರೈಟರು ಬರೆದರು. ಧಣಿಗಳಿಗೆ ಮಾತು ಬರೋ ಹೊತ್ತಿಗೆ ಪುಸ್ತಕ ಮುಚ್ಚಿಯೂ ಆಗಿತ್ತು.

"ಆಗಿಂದ ನೀರು ಕೇಳ್ತಿದೀನಲ್ರೋ," ಅಂದರು ಧಣಿಗಳು, "ಯಾರಿಗೂ ಅರ್ಥ ಆಗಲ್ವಾ?"