ಐಸಿಯ ಬೆನ್ನ ಮೇಲೊಂದು ಐಸಿ

ಹುಣಸೆಬೀಜದಷ್ಟು ಉದ್ದದ ಒಂದು ಐಸಿ, ರಿಪೇರಿಯವನ ಸಂಸಾರಕ್ಕೇ ಸಂಚಕಾರ ತಂದಿತ್ತು. ಹದಿನಾರು ಕಾಲಿನ ಕಪ್ಪು ಹುಳುವಿನಂಥ ಅದರ ಕೆಲಸ ಮೋಟರಿಗೆ ಕರೆಂಟು ಹಾಯಿಸುವುದು. ಮೋಟರಿನ ಕೆಲಸ ಅವನೇ ಕಟ್ಟಿದ ಕುರ್ಚಿಯ ಸೀಟನ್ನು ಮೆಲ್ಲಗೆ ಎತ್ತುವುದು. ಸೀಟಿನಲ್ಲಿ ಕೂತ ಹೆಂಡತಿ, ಮಂಡಿಗೆ ನೋವಾಗದಂತೆ ಎದ್ದು ನಿಲ್ಲಬೇಕು. ಖಾಲಿ ಕುರ್ಚಿ ಚೆನ್ನಾಗಿಯೇ ಏಳುತ್ತಿತ್ತು. ಅವಳು ಕೂತಳೋ, ನಾಲ್ಕು ಬೆರಳು ಎದ್ದು, ಐಸಿ ಕೆಂಡವಾಗಿ, ಮುನಿಸಿಕೊಂಡ ಅಳಿಯನಂತೆ ನಿಂತುಬಿಡುತ್ತಿತ್ತು.

ಸಂಜೆ ಐದಕ್ಕೆ ಅವಳ ತಮ್ಮ ಬರುವವನಿದ್ದ. "ನೀವು ಅಂಗಡಿಗೆ ಹೋದ್ರೆ ಅಕ್ಕನ್ನ ಎಬ್ಬಿಸೋರು ಯಾರು ಭಾವ? ತಾನಾಗಿ ಎದ್ರೆ ಸರಿ. ಇಲ್ದಿದ್ರೆ ನಮ್ಮನೆಗೆ ಕರ್ಕೊಂಡು ಹೋಗ್ತೀನಿ" ಎಂದು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ. ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳ ಬೈಗುಳ ಕೇಳದೆ ರಿಪೇರಿಯವನಿಗೆ ಬೆಳಗಾಗುತ್ತಿರಲಿಲ್ಲ.

"ಒಂದೇ ಐಸಿಗೆ ಭಾರ ಜಾಸ್ತಿ. ಅದರ ಬೆನ್ನ ಮೇಲೆ ಅಂಥದ್ದೇ ಇನ್ನೊಂದನ್ನ ಕೂರಿಸಿ, ಕಾಲಿಗೆ ಕಾಲು ಬೆಸುಗೆ ಹಾಕ್ತೀನಿ. ಕರೆಂಟನ್ನ ಎರಡೂ ಹಂಚಿಕೊಳ್ತಾವೆ" ಎಂದ.

"ನನ್ನ ತೂಕಕ್ಕೆ ಎರಡು ಬೇಕು ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳಿ" ಎಂದಳು ಹೆಂಡತಿ.

ಊರಿಗಲ್ಲದಿದ್ದರೂ ಪಕ್ಕದ ಮನೆಗೆ ಕೇಳಿತ್ತು. ನಿವೃತ್ತ ಲೈನ್‌ಮನ್ ಟೀ ಲೋಟದ ಸಮೇತ ಒಳಗೆ ಬಂದ. ಅವನ ಹಿಂದೆಯೇ ಕೆಳಮನೆಯ ಟೈಲರಮ್ಮ, ಕೊರಳಲ್ಲಿ ಟೇಪು ನೇತುಹಾಕಿಕೊಂಡು.

"ಕಂಬ ಹತ್ತಿ ಮೂವತ್ತು ವರ್ಷ ಕರೆಂಟು ನೋಡಿದೀನಿ. ಇದ್ಯಾವ ಮಹಾ!" ಎಂದ ಲೈನ್‌ಮನ್.

"ಆ ಐಸಿ ಅಷ್ಟು ಬಿಸಿಯಾದ್ರೆ ಮೇಲೆ ಒದ್ದೆ ಬಟ್ಟೆ ಹಾಕಿ" ಎಂದಳು ಟೈಲರಮ್ಮ.

"ಕರೆಂಟಿಗೆ ಒದ್ದೆ ಬಟ್ಟೆ! ನಿಮ್ಮ ಕತ್ತರಿ ನೋಡ್ಕೊಳ್ಳಿ ತಾಯಿ!"

ಇಬ್ಬರೂ ಜಗಳಕ್ಕೆ ನಿಂತರು. ರಿಪೇರಿಯವನು ಎರಡನೆಯ ಐಸಿಯನ್ನು ಮೊದಲನೆಯದರ ಮೇಲೆ ನೆಟ್ಟಗೆ ಕೂರಿಸಿ, ಬೆಸುಗೆ ಕಡ್ಡಿಯ ಪ್ಲಗ್ ಹಾಕಲು ಆಚೆ ಗೋಡೆಗೆ ಹೋದ. ಪ್ರತಿ ಐಸಿಗೂ ಒಂದು ತುದಿಯಲ್ಲಿ ಉಗುರಿನ ಗುರುತಿನಂಥ ಸಣ್ಣ ಕಚ್ಚು ಇರುತ್ತದೆ. ಕಚ್ಚಿನ ಮೇಲೆ ಕಚ್ಚು ಬಂದರೇ ಕಾಲಿಗೆ ಸರಿಯಾದ ಕಾಲು ಕೂಡುವುದು. ಲೈನ್‌ಮನ್ ಬಗ್ಗಿ ನೋಡಿದ. ಎರಡು ಕಚ್ಚೂ ಒಂದೇ ಕಡೆ! ಕಚ್ಚೆಂದರೆ ಬಿಸಿ ಹೊರಗೆ ಹೋಗಲು ಬಿಟ್ಟ ಕಿಟಕಿಯೆಂದು ಅವನ ಲೆಕ್ಕ. ಎರಡು ಕಿಟಕಿಯನ್ನೂ ಒಂದೇ ಕಡೆ ಇಡುವ ದಡ್ಡನುಂಟೇ? ಉಪಕಾರ ಮಾಡುವ ಮನಸ್ಸಿನಿಂದ ಮೇಲಿನದನ್ನು ತಿರುಗಿಸಿಟ್ಟ.

ರಿಪೇರಿಯವನು ಬಂದು ಹದಿನಾರು ಕಾಲಿಗೂ ಭಕ್ತಿಯಿಂದ ಬೆಸುಗೆ ಹಾಕಿದ. ಸ್ವಿಚ್ಚು ಒತ್ತಿದ. ಚಟ್ ಎಂದಿತು. ಎರಡೂ ಐಸಿ ಬೀಡಿ ಸೇದಿದವು.

"ಯಾರು ತಿರುಗಿಸಿದ್ದು ಇದನ್ನ?"

"ಗಾಳಿಯಾಡಲಿ ಅಂತ..." ಎಂದ ಲೈನ್‌ಮನ್, ಲೋಟದೊಳಗೆ ಮುಖವಿಟ್ಟು.

ಗಂಟೆ ನಾಲ್ಕೂವರೆ. ಡಬ್ಬಿಯಲ್ಲಿ ಉಳಿದಿದ್ದು ಒಂದೇ ಐಸಿ. ರಿಪೇರಿಯವನು ತಲೆಯ ಮೇಲೆ ಕೈಹೊತ್ತು ನೆಲದಲ್ಲಿ ಕುಸಿದ. ಆಗ ಹೆಂಡತಿ ಗೋಡೆಯತ್ತ ಗದ್ದ ಎತ್ತಿದಳು. ಅಲ್ಲಿ ಅವರ ಮದುವೆಯ ಫೋಟೊ ಗಾಜಿನ ಪೆಟ್ಟಿಗೆಯೊಳಗೆ ಮೆಲ್ಲಗೆ ತಿರುಗುತ್ತಿತ್ತು. ಮೊದಲ ವರ್ಷ ಅವಳಿಗೆಂದು ಅವನೇ ಮಾಡಿದ್ದು.

"ಅದರೊಳಗೂ ಇದೇ ಹುಳು ಇದೆ ಅಂದಿದ್ರಲ್ಲ. ಕಿತ್ಕೊಳ್ಳಿ."

"ಅದು ನಿಂತುಹೋಗುತ್ತೆ ಕಣೇ."

"ನಿಲ್ಲಲಿ. ನಾನು ಎದ್ರೆ ಸಾಕು."

ಈ ಸಲ ಟೈಲರಮ್ಮ ಲೈನ್‌ಮನ್ನನ ಎರಡು ಕೈಗೂ ಟೇಪು ಸುತ್ತಿ ಹಿಡಿದುಕೊಂಡಳು. ರಿಪೇರಿಯವನು ಕಚ್ಚಿನ ಮೇಲೆ ಕಚ್ಚಿಟ್ಟು, ಉಸಿರು ಹಿಡಿದು ಬೆಸೆದ. ಸರಿಯಾಗಿ ಐದಕ್ಕೆ ಭಾಮೈದ ಮೂರು ಮಹಡಿ ಹತ್ತಿ, ಕಮ್ಮಾರನ ತಿದಿಯಂತೆ ಏದುಸಿರು ಬಿಡುತ್ತ ಬಾಗಿಲು ತುಂಬ ನಿಂತ.

ರಿಪೇರಿಯವನು ಸ್ವಿಚ್ಚು ಒತ್ತಿದ. ಮೋಟರು ಗುಂಯ್ ಎಂದಿತು. ಸೀಟು ಎದ್ದಿತು. ನಾಲ್ಕು ಬೆರಳು ದಾಟಿತು, ಗೇಣು ದಾಟಿತು. ಹೆಂಡತಿ ಮುಖ ಕಿವುಚದೆ ನಿಂತಳು. ಅವಳ ಕಣ್ಣು ತುಂಬಿತ್ತು. ಅವನು ಐಸಿ ಮುಟ್ಟಿ ನೋಡುವ ನೆಪದಲ್ಲಿ ಮುಖ ತಿರುಗಿಸಿದ.

"ಭಲೇ ಭಾವ! ಅಕ್ಕ ಇಲ್ಲೇ ಇರಲಿ, ನಾನು ಹೊರಟೆ" ಎಂದ ಭಾಮೈದ. "ಆದ್ರೆ ಈ ಮೆಟ್ಟಿಲು ನನ್ನ ಮಂಡಿ ಮುರಿದುಹಾಕ್ತು. ಒಂದ್ಸಲ ಕೂತು ನೋಡ್ತೀನಿ."

"ಬೇಡ ಕಣೋ!" ಎಂದು ಅಕ್ಕ ಹೇಳುವುದರೊಳಗೆ ದೊಪ್ಪೆಂದು ಕೂತ. ತಾನೇ ಸ್ವಿಚ್ಚು ಒತ್ತಿದ. ಕುರ್ಚಿ ಒಂದು ಬೆರಳು ಎದ್ದು, ನಿಟ್ಟುಸಿರಿಟ್ಟು, ನಿಂತಿತು. ಏಳಹೋದರೆ ಮಂಡಿ ಮಿಸುಕಲೊಲ್ಲದು.

"ನನ್ನ ತೂಕಕ್ಕೆ ಎಷ್ಟು ಐಸಿ ಬೇಕಾಗುತ್ತೆ ಭಾವ?"

"ನಾಲ್ಕು. ಒಂದೂ ಇಲ್ಲ. ತರಿಸಬೇಕು, ವಾರ ಆಗುತ್ತೆ."

"ಆಗಲಿ ಬಿಡಿ, ಅವಸರವೇನು. ಮೆತ್ತಗಿದೆ" ಎಂದು ಭಾಮೈದ ಕಾಲು ಚಾಚಿದ.

ಕೂರಲು ಬೇರೆ ಜಾಗವಿಲ್ಲದೆ ಹೆಂಡತಿ ಗಂಡನ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ಬೆಳಗ್ಗೆ ಕೈಹಿಡಿದು ಎಬ್ಬಿಸಬೇಕಾದವರು ಒಬ್ಬರಿದ್ದರು, ಈಗ ಇಬ್ಬರು. ರಿಪೇರಿಯವನು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡುತ್ತ ನಿಂತ.

ಹೆಂಡತಿ ಕೈ ಚಾಚಿದಳು.

"ಮೊದಲು ನನ್ನನ್ನ ಎಬ್ಬಿಸಿ. ಅವನು ಕಾಯ್ತಾನೆ."